ಗೋಲ್ಡ್‌ಫಿಶ್ ತೊಟ್ಟಿಯ ನೀರು ಎಷ್ಟು ದಿನಕ್ಕೊಂದು ಸಲ ಬದಲಾಯಿಸಬೇಕು?

ತಾರಸಿತೋಟ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಇಂಜಿನಿಯರಿಂಗ್ ಓದಲು ಸುರತ್ಕಲ್‌ಗೆ ಹೋದ. ಅವನ ಗೋಲ್ಡ್‌ಫಿಶ್ ತೊಟ್ಟಿ ಈಗ ನಮ್ಮ ಹಾಲ್‌ನಲ್ಲಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಮೂರು ಮೀನುಗಳಿವೆ. ಎರಡು ಪೂರ್ತಿ ಕೇಸರಿ ಬಣ್ಣದವು. ಇನ್ನೊಂದರ ಮೈ ಬಿಳಿ, ತಲೆಯ ಮೇಲೆ ಮಾತ್ರ ಕೆಂಪು ಗಂಟು. ಏರ್ ಪಂಪಿಗೆ ಜೋಡಿಸಿದ ಕಪ್ಪು ಸ್ಪಂಜ್ ಫಿಲ್ಟರ್ ಇದೆ. ರಾತ್ರಿ ಗುಂಯ್ ಅಂತ ಸದ್ದು ಮಾಡುತ್ತೆ ಅಂತ ಮಲಗುವಾಗ ಪಂಪ್ ಆಫ್ ಮಾಡುತ್ತೇವೆ.

ನೀರಿನ ವಿಷಯಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಗಡಿಯವರು ಹದಿನೈದು ದಿನಕ್ಕೊಮ್ಮೆ ಎಲ್ಲಾ ಖಾಲಿ ಮಾಡಿ ತೊಳೀಬೇಕು ಅಂದರು. ನಮ್ಮತ್ತೆ ದಿನಾ ಬದಲಾಯಿಸಬೇಕು ಅನ್ನುತ್ತಾರೆ. ಫಿಲ್ಟರ್ ಇದ್ದರೆ ಬದಲಾಯಿಸೋದೇ ಬೇಡ ಅನ್ನೋರೂ ಇದ್ದಾರೆ.

ಹೋದ ಭಾನುವಾರ ಅಂಗಡಿಯ ಹುಡುಗನೇ ಬಂದು ಕಲ್ಲು, ಸ್ಪಂಜ್, ಗಾಜು ಎಲ್ಲವನ್ನೂ ನಲ್ಲಿ ಕೆಳಗೆ ಇಟ್ಟು ತಿಕ್ಕಿ ತೊಳೆದುಕೊಟ್ಟ. ಅವತ್ತು ಫಳಫಳ ಅಂತಿತ್ತು. ಮಂಗಳವಾರದ ಹೊತ್ತಿಗೆ ನೀರು ಬೆಳ್ಳಗೆ ಮಬ್ಬಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಇವತ್ತು ನೀರೇನೋ ತಿಳಿಯಾಗಿದೆ, ಆದರೆ ಮೂರೂ ಒಂದೇ ಮೂಲೆಯಲ್ಲಿ ಸುಮ್ನೆ ನಿಂತಿವೆ. ಹುಡುಗ ಫೋನ್ ಮಾಡಿದಾಗಲೆಲ್ಲ ಮೊದಲು ಮೀನಿನ ವಿಷಯವೇ ಕೇಳುತ್ತಾನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಮ್ಮ ಮನೆಗೆ ಬರುವುದು ಕಾವೇರಿ ನೀರು. ಸಂಪಿಗೆ ಬಿದ್ದು ಅಲ್ಲಿಂದ ಮೇಲಿನ ಟ್ಯಾಂಕಿಗೆ ಹೋಗುತ್ತದೆ.

ಬೆಳಗಿನವಾಕ್ (ಸರಸ್ವತಿಪುರಂ, ಮೈಸೂರು)

ನಮ್ಮ ಮನೆಯಲ್ಲಿ ಭಾನುವಾರ ಭಾನುವಾರ ಅರ್ಧ ನೀರು ತೆಗೆಯುತ್ತೇವೆ. ಅಷ್ಟೇ. ಮೀನು ಚೆನ್ನಾಗಿವೆ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೋಡಿಕೊಳ್ಳೋದು ಕಷ್ಟ ಅನ್ನಿಸಿದರೆ ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ, ಅಲ್ಲಿ ಆರಾಮಾಗಿ ಬೆಳೆಯುತ್ತವೆ.

ಸೂಜಿದಾರ (ಅಗ್ರಹಾರ, ಮೈಸೂರು)

ಮೇಡಂ, ನಾನು ಟೈಲರ್. ಅಗ್ರಹಾರದಲ್ಲಿ ಅಂಗಡಿ. ಕಟಿಂಗ್ ಟೇಬಲ್ ಪಕ್ಕದಲ್ಲೇ ಗೋಲ್ಡ್‌ಫಿಶ್ ತೊಟ್ಟಿ ಇಟ್ಟಿದ್ದೇನೆ. ಬ್ಲೌಸ್ ಅಳತೆ ಕೊಡಲು ಬಂದವರು ಎಷ್ಟೋ ಜನ ಇದೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನೇರವಾದ ಉತ್ತರ. ನಿಮ್ಮ ತೊಟ್ಟಿಗೆ, ನಿಮ್ಮ ಮೂರು ಮೀನಿಗೆ, ವಾರಕ್ಕೆ ಎರಡು ಸಲ, ಪ್ರತಿ ಸಲ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಪೂರ್ತಿ ಖಾಲಿ ಮಾಡಿ ತೊಳೆಯುವುದನ್ನು ಇವತ್ತಿಗೇ ನಿಲ್ಲಿಸಿಬಿಡಿ.

ನೀರು ತಿಳಿಯಾಗಿದೆ ಅಂದಿರಿ. ತಿಳಿ ನೀರು ಅಂದರೆ ಒಳ್ಳೆ ನೀರು ಅಂತಲ್ಲ. ಗೋಲ್ಡ್‌ಫಿಶ್ ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಗೆ ಬರುತ್ತದೆ. ಹಿಕ್ಕೆಯಿಂದ ಬರುವುದಕ್ಕಿಂತ ಇದೇ ಜಾಸ್ತಿ. ಅದಕ್ಕೆ ಬಣ್ಣವಿಲ್ಲ. ಮೀನಿಗೆ ವಿಷವಾಗುವಷ್ಟು ಇದ್ದರೂ ನಮ್ಮ ಮೂಗಿಗೆ ವಾಸನೆ ಹತ್ತುವುದಿಲ್ಲ. ಮೇಲಾಗಿ ಇದು ಕೆಂಡೆ ಮೀನಿನ ಜಾತಿ, ನಮ್ಮ ಕಾಟ್ಲಾ, ರೋಹು ಕುಟುಂಬದ್ದೇ. ಹೊಟ್ಟೆಯ ಚೀಲ ಅಂತ ಬೇರೆ ಇಲ್ಲ, ಬರೀ ಉದ್ದದ ಕರುಳು. ದಿನವೆಲ್ಲಾ ತಿನ್ನುತ್ತಲೇ ಇರುತ್ತದೆ, ಹಿಕ್ಕೆ ಹಾಕುತ್ತಲೇ ಇರುತ್ತದೆ. ಅಷ್ಟೇ ಗಾತ್ರದ ಬೇರೆ ಸಾಕುಮೀನುಗಳಿಗಿಂತ ಇದರ ತೊಟ್ಟಿ ಬೇಗ ಕೆಡುವುದು ಅದಕ್ಕೇ.

ಹಾಗಾದರೆ ಫಿಲ್ಟರ್ ಯಾಕೆ? ಆ ಕಪ್ಪು ಸ್ಪಂಜಿನ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಮೀನಿನ ರಕ್ತ ಆಮ್ಲಜನಕ ಹೊರಲಾಗದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ, ಜಾಸ್ತಿಯಾದರೆ ಸೊರಗುತ್ತದೆ. ಫಿಲ್ಟರಿನ ಕೆಲಸ ಅಲ್ಲಿಗೆ ಮುಗಿಯಿತು. ನೈಟ್ರೇಟನ್ನು ಹೊರಗೆ ಹಾಕುವುದು ನಾವು ಬದಲಾಯಿಸುವ ನೀರು. ಫಿಲ್ಟರ್ ಇದ್ದರೆ ನೀರು ಬದಲಾಯಿಸೋದೇ ಬೇಡ ಅನ್ನುವವರು ಈ ಕೊನೆಯ ಹೆಜ್ಜೆಯನ್ನು ಮರೆಯುತ್ತಾರೆ.

ಆ ಹುಡುಗ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದ ಅಂದಿರಲ್ಲ, ಅಲ್ಲೇ ಎಲ್ಲಾ ಹೋಯಿತು. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕೇ ಹಾಕಿರೋದು. ಸ್ಪಂಜಿನ ಒಳಗಿನದೂ ಸಾಯುತ್ತವೆ. ಮೊಸರಿನ ಪಾತ್ರೆಯಲ್ಲಿ ಹೆಪ್ಪಿಗೆ ಒಂದು ಚಮಚವೂ ಉಳಿಸದೆ ತೊಳೆದಿಟ್ಟ ಹಾಗೆ. ಮಂಗಳವಾರ ನೀರು ಮಬ್ಬಾಗಿದ್ದು ಬೇರೆ ಬ್ಯಾಕ್ಟೀರಿಯಾಗಳು ಖಾಲಿ ಜಾಗ ನೋಡಿ ಒಮ್ಮೆಲೇ ಬೆಳೆದಿದ್ದರಿಂದ. ಅವು ನೀರಿನ ಆಮ್ಲಜನಕ ತಿನ್ನುತ್ತವೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಬೇಕಾದ ಬ್ಯಾಕ್ಟೀರಿಯಾ ಮತ್ತೆ ಕೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಹದಿನೈದು ದಿನಕ್ಕೆ ಮತ್ತೆ ತೊಳೆದರೆ ಅವು ಕೂರುವುದೇ ಇಲ್ಲ. ಮೀನು ಸಾಯುತ್ತದೆ, ಹೊಸದು ತರುತ್ತೇವೆ, ಗೋಲ್ಡ್‌ಫಿಶ್ ಬಾಳಿಕೆಯೇ ಅಷ್ಟು ಅಂದುಕೊಳ್ಳುತ್ತೇವೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಸರಿಯಾಗಿ ನೋಡಿಕೊಂಡರೆ ಇವು ಹತ್ತು ಹದಿನೈದು ವರ್ಷ ಬದುಕುವ ಮೀನುಗಳು. ಇಂಗ್ಲೆಂಡಿನಲ್ಲಿ ಟಿಶ್ ಅಂತ ಒಂದು ಗೋಲ್ಡ್‌ಫಿಶ್ 1956ರಲ್ಲಿ ಜಾತ್ರೆಯ ಬಹುಮಾನವಾಗಿ ಒಂದು ಮನೆಗೆ ಬಂದು 1999ರವರೆಗೆ, 43 ವರ್ಷ ಬದುಕಿತ್ತು.

ಈಗ ತೊಟ್ಟಿಯ ಅಳತೆ. ಸೆಂಟಿಮೀಟರಿನಲ್ಲಿ 60, 30, ನೀರಿನ ಎತ್ತರ ಸುಮಾರು 27. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 48.6 ಲೀಟರ್. ಕಲ್ಲಿನ ಜಾಗ ಕಳೆದರೆ 45 ಇಟ್ಟುಕೊಳ್ಳಿ. ಅದರಲ್ಲಿ ಮೂರನೇ ಒಂದು ಭಾಗ 15 ಲೀಟರ್, ಅಂದರೆ ಒಂದು ಬಕೆಟ್.

ವಾರಕ್ಕೆ ಎರಡು ಸಲ ಯಾಕೆ ಅಂದೆ ಅಂದರೆ, ಒಂದು ಲೆಕ್ಕ ನೋಡಿ. ನಿಮ್ಮ ತೊಟ್ಟಿಯಲ್ಲಿ ವಾರಕ್ಕೆ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ನೈಟ್ರೇಟ್ ಏರುತ್ತದೆ ಅಂತ ಇಟ್ಟುಕೊಳ್ಳೋಣ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ತೆಗೆದರೆ ಅದು ಏರುತ್ತಾ ಏರುತ್ತಾ 60ಕ್ಕೆ ಹೋಗಿ ನಿಲ್ಲುತ್ತದೆ. 60 ಇದ್ದಾಗ ಮೂರನೇ ಒಂದು ಭಾಗ ತೆಗೆದರೆ 20 ಹೋಗುತ್ತದೆ, ಮುಂದಿನ ವಾರ ಅದೇ 20 ಮತ್ತೆ ಸೇರುತ್ತದೆ. ಅರ್ಧ ತೆಗೆದರೆ 40ಕ್ಕೆ ನಿಲ್ಲುತ್ತದೆ. ಅದೇ ಮೂರನೇ ಒಂದು ಭಾಗವನ್ನೇ ವಾರಕ್ಕೆ ಎರಡು ಸಲ ತೆಗೆದರೆ 30ಕ್ಕೆ ನಿಲ್ಲುತ್ತದೆ. ವಾರಕ್ಕೊಮ್ಮೆ ಅರ್ಧ ತೆಗೆಯೋದಕ್ಕಿಂತ ನೀರಿನ ಖರ್ಚು ಸ್ವಲ್ಪವೇ ಹೆಚ್ಚು, ಮೀನಿಗೆ ಏರುಪೇರು ಕಡಿಮೆ. ನೈಟ್ರೇಟ್ 40ರ ಒಳಗಿದ್ದರೆ ಸರಿ, 20ರ ಹತ್ತಿರ ಇದ್ದರೆ ಇನ್ನೂ ಒಳ್ಳೇದು. ಅಮೋನಿಯಾ, ನೈಟ್ರೈಟ್ ಮಾತ್ರ ಸೊನ್ನೆಯೇ ಇರಬೇಕು. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದು ತಂದಿಟ್ಟುಕೊಳ್ಳಿ. ಔಷಧಿ ಬಾಟಲಿಗಳಿಗೆ ಹಾಕುವ ದುಡ್ಡು ಇದಕ್ಕೆ ಹಾಕಿ.

ನಾನು ಮಾಡುವ ಕ್ರಮ ಹೇಳುತ್ತೇನೆ. ಹಿಂದಿನ ದಿನವೇ ಬಕೆಟ್‌ನಲ್ಲಿ ನೀರು ಹಿಡಿದು ಮುಚ್ಚಳವಿಲ್ಲದೆ ಇಡುತ್ತೇನೆ. 24 ಗಂಟೆಯಲ್ಲಿ ಕ್ಲೋರಿನ್ ಹಾರಿಹೋಗುತ್ತದೆ. ಅರ್ಜೆಂಟ್ ಇದ್ದರೆ ಆಂಟಿ ಕ್ಲೋರಿನ್ ಹನಿ ಹಾಕಬಹುದು. ಅದರಲ್ಲಿರೋದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದದ್ದು. ತೊಟ್ಟಿಯ ಹೊರಗೆ, ಮೇಲಿಂದ ಮೂರನೇ ಒಂದು ಭಾಗ ಇಳಿದ ಕಡೆ, ಒಂದು ಟೇಪ್ ತುಂಡು ಅಂಟಿಸಿದ್ದೇನೆ. ಸಣ್ಣ ಪೈಪಿನಲ್ಲಿ ಪೂರ್ತಿ ನೀರು ತುಂಬಿಸಿ, ಒಂದು ತುದಿ ಹೆಬ್ಬೆರಳಿನಿಂದ ಮುಚ್ಚಿ ಕೆಳಗಿನ ಬಕೆಟ್‌ಗೆ ಬಿಟ್ಟರೆ ನೀರು ತಾನೇ ಇಳಿಯುತ್ತದೆ. ಬಾಯಲ್ಲಿ ಎಳೆಯೋದು ಬೇಡ. ಇನ್ನೊಂದು ತುದಿಯನ್ನು ಕಲ್ಲಿನ ನಡುವೆ ಆಡಿಸಿದರೆ ಹಿಕ್ಕೆ, ಕೊಳೆತ ಕಾಳು ಎಲ್ಲಾ ಮೇಲೆದ್ದು ಪೈಪಿನಲ್ಲಿ ಹೋಗುತ್ತವೆ. ನೀರು ಟೇಪಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಹೊಸ ನೀರನ್ನು ಮಗ್‌ನಲ್ಲಿ ನಿಧಾನಕ್ಕೆ ಹಾಕುತ್ತೇನೆ. ಮೀನನ್ನು ಹಿಡಿದು ಬೇರೆ ಪಾತ್ರೆಗೆ ಹಾಕುವ ಅಗತ್ಯವೇ ಇಲ್ಲ. ಹಿಡಿದಷ್ಟೂ ಅವುಗಳ ಮೈಯ ಲೋಳೆ ಕೀಳುತ್ತದೆ, ರೋಗ ಅಂಟುತ್ತದೆ.

ಸ್ಪಂಜ್ ಕಟ್ಟಿಕೊಂಡು ಗುಳ್ಳೆ ಕಡಿಮೆಯಾದಾಗ, ತೆಗೆದ ಹಳೇ ನೀರಿನಲ್ಲೇ ಒಂದೆರಡು ಸಲ ಹಿಂಡಿ ವಾಪಸ್ ಇಡಿ. ಕಂದು ಬಣ್ಣ ಉಳಿದರೆ ಉಳಿಯಲಿ.

ನೀರಿನ ಬಿಸಿ ತಣ್ಣಗೆ ಕೂಡ ನೋಡಬೇಕು. ಬೇಸಿಗೆಯ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಸುಡುತ್ತದೆ. ಡಿಸೆಂಬರ್ ಬೆಳಿಗ್ಗೆ ಅದೇ ನೀರು ಕೊರೆಯುತ್ತದೆ. ಬಕೆಟ್ಟನ್ನು ತೊಟ್ಟಿಯ ಪಕ್ಕದಲ್ಲೇ ಒಂದು ದಿನ ಇಟ್ಟರೆ ಎರಡೂ ಸಮ ಆಗುತ್ತವೆ. ನಮ್ಮ ಮೈಸೂರಿನ ಹವೆ ಗೋಲ್ಡ್‌ಫಿಶ್‌ಗೆ ಚೆನ್ನಾಗಿ ಒಗ್ಗುತ್ತದೆ. ಹೀಟರ್ ಬೇಡವೇ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಜಾಸ್ತಿ ಗಮನ ಕೊಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷವೂ ಜಾಸ್ತಿ.

ಅದಕ್ಕೇ ರಾತ್ರಿ ಪಂಪ್ ಆಫ್ ಮಾಡಬೇಡಿ. 5 ವ್ಯಾಟ್‌ನ ಪಂಪ್ ತಿಂಗಳೆಲ್ಲಾ ಹಗಲು ರಾತ್ರಿ ಓಡಿದರೂ 3.6 ಯೂನಿಟ್ ಆಗುತ್ತದೆ, ಅಷ್ಟೇ. ಸ್ಪಂಜಿನ ಬ್ಯಾಕ್ಟೀರಿಯಾಗಳಿಗೂ ಗಾಳಿ ಬೇಕು. ಸದ್ದು ಬರುತ್ತಿದ್ದರೆ ಪಂಪಿನ ಕೆಳಗೆ ದಪ್ಪ ಬಟ್ಟೆ ಮಡಿಸಿ ಹಾಕಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ವಾಪಸ್ ಬಂದು ಪಂಪಿನ ಒಳಗೆ ಇಳಿಯುತ್ತದೆ.

ಇವತ್ತು ಏನು ಮಾಡಬೇಕು ಅಂದರೆ, ಒಂದು ಬಕೆಟ್ ನೀರು ಬದಲಾಯಿಸಿ. ನಾಳೆಯೂ, ನಾಡಿದ್ದೂ ಅಷ್ಟೇ. ಆಹಾರ ದಿನಕ್ಕೆ ಒಂದೇ ಸಲ, ಒಂದು ಚಿಟಿಕೆ. ಅಗ್ರಹಾರದ ಕಡೆ ಬರುವುದಿದ್ದರೆ ಇಲ್ಲೇ ತಿಳಿಸಿ, ನನ್ನ ಫಿಲ್ಟರಿನ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ ತೊಟ್ಟಿಯ ನೀರಿನ ಸಮೇತ ಡಬ್ಬಿಯಲ್ಲಿ ಕೊಡುತ್ತೇನೆ. ಒಣಗದ ಹಾಗೆ ಒಯ್ದು ನಿಮ್ಮ ಸ್ಪಂಜಿನ ಪಕ್ಕ ಇಟ್ಟರೆ ಆರು ವಾರ ಕಾಯುವ ಕಷ್ಟ ಎಷ್ಟೋ ತಪ್ಪುತ್ತದೆ.

ಇನ್ನೊಂದು. ನಾನು ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮೊದಲು ನೋಡುವುದು ಮೀನಿನ ಬೆನ್ನಿನ ರೆಕ್ಕೆ. ನೆಟ್ಟಗೆ ಬಿಚ್ಚಿಕೊಂಡಿದ್ದರೆ ನೀರು ಸರಿ ಇದೆ ಅಂತ ಲೆಕ್ಕ. ರೆಕ್ಕೆ ಮಡಚಿಕೊಂಡು ಮೈಗೆ ಅಂಟಿದ್ದರೆ, ಬಾಲದಲ್ಲಿ ಕೆಂಪು ಗೀರು ಕಂಡರೆ, ವಾರದ ದಿನ ಎಣಿಸಿಕೊಂಡು ಕೂರುವುದಿಲ್ಲ. ಆಗಲೇ ಟೆಸ್ಟ್ ಮಾಡಿ ನೀರು ಬದಲಾಯಿಸುತ್ತೇನೆ.

ಕಬ್ಬಿನೂರು (ಮಂಡ್ಯ)

ಸೂಜಿದಾರ ಅಣ್ಣ ಹೇಳಿದ್ದೆಲ್ಲಾ ಸರಿ. ನಮ್ಮ ಕಡೆಯವರಿಗೆ ಬೋರ್ ನೀರಿನ ವಿಷಯ ಒಂದು ಸೇರಿಸುತ್ತೇನೆ.

ಬೋರ್ ನೀರಿನಲ್ಲಿ ಕ್ಲೋರಿನ್ ಇರಲ್ಲ, ಹಾಗಾಗಿ ಸೀದಾ ಹಾಕಬಹುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನೆಲದ ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರಬಹುದು. ಎತ್ತರದಿಂದ ಬಕೆಟ್‌ಗೆ ಸುರಿದು, ಒಂದು ರಾತ್ರಿ ಬಿಟ್ಟು ಆಮೇಲೆ ಹಾಕಿ. ಗಡಸು ನೀರು ಗೋಲ್ಡ್‌ಫಿಶ್‌ಗೆ ಆಗಿಬರುತ್ತದೆ, ಅದಕ್ಕೆ ಹೆದರಬೇಡಿ. ಗಾಜಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತದೆ ಅಷ್ಟೇ. ಆದರೆ ಒಂದು ವಾರ ನಲ್ಲಿ ನೀರು, ಒಂದು ವಾರ ಬೋರ್ ನೀರು ಅಂತ ಅದಲು ಬದಲು ಮಾಡಬೇಡಿ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ.

ಗದ್ದೆ ಬಯಲಿನ ಬೋರ್ ಆದರೆ ಯೂರಿಯಾ ಇಳಿದು ನೀರಿನಲ್ಲೇ ನೈಟ್ರೇಟ್ ಇರಬಹುದು. ಕಿಟ್ ತಂದಾಗ ತೊಟ್ಟಿಯ ನೀರಿನ ಜೊತೆ ಬೋರ್ ನೀರನ್ನೂ ಒಮ್ಮೆ ನೋಡಿ. ಬೋರಿನಲ್ಲೇ ಜಾಸ್ತಿ ಇದ್ದರೆ ಎಷ್ಟು ಸಲ ಬದಲಾಯಿಸಿದರೂ ಇಳಿಯಲ್ಲ. ಬಕೆಟ್‌ನಲ್ಲಿ ಇಟ್ಟರೂ ಹಾರಿಹೋಗಲ್ಲ.

ಬೇಸಿಗೆಯಲ್ಲಿ ನೀರು ಆವಿಯಾಗಿ ಕಮ್ಮಿಯಾದಾಗ ಮೇಲೆ ತುಂಬಿಸೋದನ್ನ ನೀರು ಬದಲಾಯಿಸೋದು ಅಂತ ಲೆಕ್ಕ ಇಡಬೇಡಿ. ಹೋಗೋದು ಬರೀ ನೀರು. ಉಪ್ಪು, ನೈಟ್ರೇಟ್ ಎಲ್ಲಾ ಕೆಳಗೇ ಉಳಿಯುತ್ತೆ.

ತಾರಸಿತೋಟ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಒಂದು ಬಕೆಟ್, ಇವತ್ತು ಒಂದು ಬಕೆಟ್ ಬದಲಾಯಿಸಿದೆ. ಪಂಪ್ ರಾತ್ರಿಯೂ ಓಡುತ್ತಿದೆ. ಕೇಸರಿ ಮೀನುಗಳು ಮೂಲೆ ಬಿಟ್ಟು ಓಡಾಡುತ್ತಿವೆ. ಬಿಳಿಯದು ಇನ್ನೂ ಮಂಕಾಗಿದೆ. ಸ್ಪಂಜ್ ತುಂಡಿಗೆ ಶನಿವಾರ ಬರುತ್ತೇನೆ ಸರ್.

ಇನ್ನೂ ಕೆಲವು ಪ್ರಶ್ನೆ ಇವೆ. ಅಂಗಡಿಯಲ್ಲಿ ನೀಲಿ ಔಷಧಿ ಕೊಟ್ಟು ಪ್ರತಿ ಸಲ ಎರಡು ಹನಿ ಹಾಕಿ ಅಂದಿದ್ದರು, ಹಾಕಬೇಕಾ? ಅಡುಗೆಮನೆಯ ಆರ್‌ಒ ನೀರು ಹಾಕಿದರೆ ಇನ್ನೂ ಒಳ್ಳೇದಲ್ವಾ? ನಮ್ಮತ್ತೆ ಪ್ರೀತಿಯಿಂದ ದಿನಾ ಒಂದು ಹಿಡಿ ಕಡ್ಲೆಪುರಿ ಹಾಕುತ್ತಾರೆ, ಬೇಡ ಅನ್ನೋಕೆ ಮನಸ್ಸು ಬರಲ್ಲ. ತೆಗೆದ ನೀರನ್ನು ತಾರಸಿಯ ಗಿಡಗಳಿಗೆ ಹಾಕಬಹುದಾ?

ಸೂಜಿದಾರ

ನೀಲಿ ಔಷಧಿ ಬಹುಶಃ ಮೆಥಿಲೀನ್ ಬ್ಲೂ. ಬೂಷ್ಟು ಹಿಡಿದ ಮೀನನ್ನು ಬೇರೆ ಪಾತ್ರೆಯಲ್ಲಿಟ್ಟು ಚಿಕಿತ್ಸೆ ಮಾಡಲು ಅದು ಬೇಕಾಗುತ್ತದೆ. ತೊಟ್ಟಿಗೇ ಸುರಿದರೆ ಸ್ಪಂಜಿನ ಬ್ಯಾಕ್ಟೀರಿಯಾ ಸಾಯುತ್ತವೆ. ಹಾಕಬೇಡಿ. ಬಿಳಿ ಮೀನು ಇನ್ನೂ ಮಂಕಾಗಿದೆ ಅಂದಿರಿ. ಕಿಟ್‌ನಲ್ಲಿ ನೈಟ್ರೈಟ್ ಕಂಡರೆ ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 1 ಗ್ರಾಂನಂತೆ, ನಿಮ್ಮ ತೊಟ್ಟಿಗೆ 45 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನಕ್ಕೆ ಸೇರಿಸಿ. ಉಪ್ಪಿನ ಕ್ಲೋರೈಡ್ ಇದ್ದಾಗ ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಮುಂದಿನ ಸಲ ನೀರು ತೆಗೆದಾಗ ತೆಗೆದ ನೀರಿಗೆ ಎಷ್ಟೋ ಅಷ್ಟು ಉಪ್ಪು ಮಾತ್ರ ಮತ್ತೆ ಹಾಕಿ. ನೈಟ್ರೈಟ್ ಸೊನ್ನೆಗೆ ಬಂದ ಮೇಲೆ ಅದೂ ಬೇಡ.

ಆರ್‌ಒ ನೀರು ಬೇಡ. ಮೀನಿಗೆ ಬೇಕಾದ ಲವಣಗಳನ್ನೆಲ್ಲಾ ಅದು ಸೋಸಿಬಿಟ್ಟಿರುತ್ತದೆ. ಪಿಎಚ್ (ನೀರಿನ ಆಮ್ಲ, ಕ್ಷಾರದ ಮಟ್ಟ) ಏರುಪೇರಾಗದ ಹಾಗೆ ಹಿಡಿದು ನಿಲ್ಲಿಸುವ ಶಕ್ತಿಯೂ ಇರಲ್ಲ. ನಮ್ಮ ಕಾವೇರಿ ನೀರನ್ನು ಒಂದು ದಿನ ಇಟ್ಟು ಹಾಕಿದರೆ ಅದಕ್ಕಿಂತ ಒಳ್ಳೇದು ಬೇರೆ ಬೇಕಿಲ್ಲ. ಒಂದು ಎಚ್ಚರಿಕೆ. ಸಂಪ್ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದ್ದರೆ ಆ ವಾರ ಸಂಪಿನ ನೀರು ಮುಟ್ಟಬೇಡಿ. ಬೀದಿ ನಲ್ಲಿಯಿಂದ ಸೀದಾ ಹಿಡಿದಿಡಿ.

ಕಡ್ಲೆಪುರಿ ನೀರಿನಲ್ಲಿ ಉಬ್ಬುತ್ತದೆ, ಮೀನು ಬಿಟ್ಟದ್ದು ಕಲ್ಲಿನ ಸಂದಿಯಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಅಮ್ಮನವರಿಗೆ ಬೇಡ ಅನ್ನಬೇಡಿ. ಅದರ ಬದಲು ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಬೆರಳಲ್ಲಿ ಹಿಸುಕಿ ಹಾಕಲು ಹೇಳಿ. ವಾರಕ್ಕೆ ಒಂದೆರಡು ದಿನ, ಮೀನಿಗೆ ಒಂದು ಕಾಳು. ಅವರ ಕೈಯಿಂದಲೇ ಮೀನು ಬಂದು ತಿನ್ನುತ್ತವೆ, ಅವರಿಗೂ ಖುಷಿಯಾಗುತ್ತದೆ. ಉಳಿದ ದಿನ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಕಾಳು ಆಹಾರ, ನೀರಿನಲ್ಲಿ ನೆನೆಸಿ ಹಾಕಿ.

ಗಿಡಗಳಿಗೆ ಧಾರಾಳವಾಗಿ ಹಾಕಿ. ನೈಟ್ರೇಟ್ ಅಂದರೆ ಗಿಡಕ್ಕೆ ಗೊಬ್ಬರವೇ. ನಮ್ಮ ಮನೆಯ ಕರಿಬೇವು ಈ ನೀರಿನಲ್ಲೇ ಬೆಳೆದಿರೋದು. ಉಪ್ಪು ಹಾಕಿದ ನೀರನ್ನು ಮಾತ್ರ ಚರಂಡಿಗೆ ಬಿಡಿ.

ಬೆಳಗಿನವಾಕ್ ಸರ್, ಕೆರೆಗೆ ಬಿಡುವ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಗೋಲ್ಡ್‌ಫಿಶ್ ಚೀನಾ ಕಡೆಯ ಮೀನು, ನಮ್ಮ ಕೆರೆಯದಲ್ಲ. ಕೆಸರು ಕೆದಕಿ ಬೇರು ಕೀಳುವುದು ಅದರ ಸ್ವಭಾವ. ತೊಟ್ಟಿಯ ರೋಗವೂ ಅದರ ಜೊತೆಗೇ ಕೆರೆಗೆ ಇಳಿಯುತ್ತದೆ. ಕುಕ್ಕರಹಳ್ಳಿಯಲ್ಲಿ ನೀರುಕಾಗೆ, ಹೆಜ್ಜಾರ್ಲೆಗಳ ಕಣ್ಣಿಗೆ ಈ ಕೇಸರಿ ಮೈ ಎಷ್ಟು ದೂರದಿಂದ ಕಾಣುತ್ತದೆ ಅಂತ ನೀವೇ ಯೋಚನೆ ಮಾಡಿ. ಸಾಕಲು ಆಗದಿದ್ದರೆ ಸಾಕುವವರಿಗೆ ಕೊಡಿ. ನನ್ನ ಅಂಗಡಿಗೆ ತಂದುಕೊಟ್ಟರೂ ಇಟ್ಟುಕೊಳ್ಳುತ್ತೇನೆ.

ಬೆಳಗಿನವಾಕ್

ಪಕ್ಷಿಗಳ ವಿಷಯ ನನಗೆ ಹೊಳೆದಿರಲಿಲ್ಲ. ಆ ಮಾತು ವಾಪಸ್ ತಗೊಂಡೆ. ದಸರಾ ರಜದಲ್ಲಿ ಒಂದು ವಾರ ಊರಿಗೆ ಹೋಗುತ್ತೇವೆ, ಆಗ ನೀರು, ಆಹಾರ ಹೇಗೆ?

ಸೂಜಿದಾರ

ಹೊರಡುವ ಎರಡು ದಿನ ಮೊದಲು ಮೂರನೇ ಒಂದು ಭಾಗ ಬದಲಾಯಿಸಿ. ಹೋಗುವ ದಿನ ಅಂತ ಜಾಸ್ತಿ ಆಹಾರ ಸುರಿಯಬೇಡಿ. ದೊಡ್ಡ ಗೋಲ್ಡ್‌ಫಿಶ್ ಒಂದು ವಾರ ಉಪವಾಸ ಇರಬಲ್ಲದು. ಪಕ್ಕದ ಮನೆಯವರು ಅಕ್ಕರೆಯಿಂದ ಹಿಡಿ ಹಿಡಿ ಹಾಕಿದರೆ ನೀರು ಕೆಟ್ಟು ಸಾಯುವುದೇ ಜಾಸ್ತಿ. ಪಂಪ್ ಓಡುತ್ತಿರಲಿ, ಮೇನ್ ಸ್ವಿಚ್ ಆಫ್ ಮಾಡಿ ಹೋಗಬೇಡಿ. ಬಂದ ದಿನ ಮತ್ತೆ ಒಂದು ಬಕೆಟ್.

ತಾರಸಿತೋಟ ಮೇಡಂ, ಶನಿವಾರ ಬರುವಾಗ ಟಿಫಿನ್ ಡಬ್ಬಿಯಷ್ಟು ಅಗಲದ ಪಾತ್ರೆ ತನ್ನಿ, ಸೋಪು ತಾಗಿರಬಾರದು. ಇನ್ನೊಂದು ಮಾತು, ಮೂರು ಗೋಲ್ಡ್‌ಫಿಶ್‌ಗೆ 45 ಲೀಟರ್ ಇಕ್ಕಟ್ಟು. ಕೈಗೂಡಿದಾಗ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಮಾಡಿಸಿ. ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್ ಹಿಡಿಯುತ್ತದೆ. ಆಗ ವಾರಕ್ಕೆ ಒಂದೇ ಸಲ, ಕಾಲು ಭಾಗದಿಂದ ಮೂರನೇ ಒಂದು ಭಾಗ ಬದಲಾಯಿಸಿದರೆ ಸಾಕಾಗುತ್ತದೆ. ನೀರೇ 190 ಕೆಜಿ ಭಾರ, ಗಾಜು ಬೇರೆ. ಟೀಪಾಯಿ ಮೇಲೆ ಇಡಬೇಡಿ, ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿ. ಹಳೇ ಸ್ಪಂಜನ್ನು ಹೊಸ ತೊಟ್ಟಿಗೂ ಹಾಗೇ ಹಾಕಿ.